ಹೊರಗಿನವರು ಬರೆದ ಪ್ಲಗಿನ್‌ಗಳಿಗೆ ಹೆಸರು ಹೇಗಿರಬೇಕು, ಲೆಕ್ಕ ಯಾರು ಇಡಬೇಕು?

ಪ್ರಶ್ನೆ (ಮಂಡಿ ಬಿಲ್ಲಿಂಗ್, ದಾವಣಗೆರೆ)

ಇಲ್ಲಿನ ಎಪಿಎಂಸಿಯ ಮೆಕ್ಕೆಜೋಳದ ದಲಾಲಿ ಅಂಗಡಿಗಳಿಗಾಗಿ ನಾವು ಕೆಲವರು ಸೇರಿ ಮುಕ್ತ ತಂತ್ರಾಂಶವೊಂದನ್ನು ನಡೆಸುತ್ತಿದ್ದೇವೆ. ವೇಬ್ರಿಡ್ಜ್ (ಲಾರಿ ತೂಗುವ ಯಂತ್ರ), ಟ್ಯಾಲಿ (ಲೆಕ್ಕಪತ್ರದ ತಂತ್ರಾಂಶ), ವಾಟ್ಸ್‌ಆ್ಯಪ್‌ಗೆ ಅದನ್ನು ಜೋಡಿಸುವ ಪುಟ್ಟ ಹೆಚ್ಚುವರಿ ತಂತ್ರಾಂಶಗಳನ್ನು, ಅಂದರೆ ಪ್ಲಗಿನ್‌ಗಳನ್ನು ಹೊರಗಿನವರು ಬರೆಯುತ್ತಾರೆ. ಸಂತೋಷವೇ. ಆದರೆ ಎಲ್ಲದರ ತಲೆಯ ಮೇಲೂ ನಮ್ಮ ಹೆಸರು, ಕೆಲವಕ್ಕೆ ‘ಅಧಿಕೃತ’ ಎಂಬ ಬಾಲ ಬೇರೆ.

ಕೆಲವು ತೂಕದ ಯಂತ್ರಗಳು ಅಂಕಿಗಳನ್ನು ಹಿಂದುಮುಂದಾಗಿ ಕಳುಹಿಸುತ್ತವೆ. ತಟ್ಟೆಯ ಮೇಲೆ 12340 ಕಿಲೋ ಇದ್ದರೆ ಕೇಬಲ್‌ನಲ್ಲಿ ಬರುವುದು 04321. ಸುಗ್ಗಿಯ ಹೊತ್ತಿನಲ್ಲಿ ಒಂದು ಪ್ಲಗಿನ್ ಅದನ್ನು ತಿರುಗಿಸದೆ ಹಾಗೆಯೇ ಬಿಲ್ಲಿಗೆ ಇಳಿಸಿತು. ರೈತರು ದಲಾಲರನ್ನು ಹಿಡಿದರು, ದಲಾಲರು ನನ್ನನ್ನು ಹಿಡಿದರು. ‘ಅದು ನಮ್ಮದಲ್ಲ’ ಎಂದರೆ ಯಾರು ಕೇಳುತ್ತಾರೆ? ಪರದೆಯ ಮೇಲಿರುವುದು ನಮ್ಮ ಹೆಸರೇ.

ಪ್ಲಗಿನ್‌ಗಳ ಪಟ್ಟಿ ಒಂದು ಎಕ್ಸೆಲ್ ಹಾಳೆಯಲ್ಲಿದೆ. ತುಂಬುತ್ತಿದ್ದ ಹುಡುಗ ಬೆಂಗಳೂರಿಗೆ ಹೋದ ಮೇಲೆ ಯಾರೂ ಮುಟ್ಟಿಲ್ಲ.

ಉತ್ತರ 1 (ಚಿತ್ರದುರ್ಗ)

ನಿಮ್ಮ ಹೆಸರು ಕೊನೆಗೆ ಬರಲಿ: ‘ಇಂಥ ತಂತ್ರಾಂಶಕ್ಕಾಗಿ ವೇಬ್ರಿಡ್ಜ್’ ಎಂಬಂತೆ. ‘ಅಧಿಕೃತ’ ಎಂಬುದು ನಿಮಗೆ ಮಾತ್ರ. ಇದರಲ್ಲಿ ಸಂಕೋಚ ಬೇಡ ಸರ್. ಫೈರ್‌ಫಾಕ್ಸ್ ಬ್ರೌಸರಿನ ಹೆಸರಿನ ವಿಷಯದಲ್ಲಿ ಅದನ್ನು ತಯಾರಿಸುವ ಮೊಜಿಲ್ಲಾ ಪಟ್ಟು ಹಿಡಿದದ್ದರಿಂದ 2006ರಲ್ಲಿ ಲಿನಕ್ಸ್ ಆವೃತ್ತಿಯೊಂದನ್ನು ಹೊರತರುವ ಡೆಬಿಯನ್‌ನವರೇ ಅದನ್ನು ‘ಐಸ್‌ವೀಸಲ್’ ಎಂದು ಕರೆಯಬೇಕಾಯಿತು. ಹಳೆಯ ಹೆಸರು ಮರಳಿದ್ದು 2016ರಲ್ಲಿ.

ಉತ್ತರ 2 (ಹರಿಹರ)

ಮೇಲಿನವರ ಮಾತಿಗೆ ಅರ್ಧ ಒಪ್ಪಿಗೆ. ಹೆಸರಿನ ಮುಂಭಾಗ ಒಂದೇ ಆಗಿದ್ದರೆ ಹುಡುಕಲು ಸುಲಭ. ಪೈಥಾನ್ ಕೋಡ್ ಪರೀಕ್ಷಿಸುವ ಸಾಧನವಾದ ಪೈಟೆಸ್ಟ್‌ನ ಪ್ಲಗಿನ್ ಪಟ್ಟಿಯನ್ನು ಯಾರೂ ಕೂತು ಬರೆಯುವುದಿಲ್ಲ. ಪೈಥಾನ್ ಪ್ಯಾಕೇಜ್‌ಗಳ ಭಂಡಾರವಾದ ಪೈಪಿಐನಲ್ಲಿ ‘ಪೈಟೆಸ್ಟ್-’ ಎಂದು ಶುರುವಾಗುವ ಪ್ಯಾಕೇಜ್‌ಗಳಿಂದ ಅದು ತಾನಾಗಿ ತಯಾರಾಗುತ್ತದೆ. ಆದ್ದರಿಂದ ಪ್ಯಾಕೇಜ್ ಹೆಸರು ಯಂತ್ರಕ್ಕೆ ಅನುಕೂಲವಾಗುವಂತಿರಲಿ, ಪರದೆಯ ಹೆಸರು ಇವರು ಹೇಳಿದಂತಿರಲಿ. ಗಿಟ್‌ಹಬ್‌ನಲ್ಲಿ ಒಂದು ಟಾಪಿಕ್ (ಹುಡುಕಲು ನೆರವಾಗುವ ಗುರುತುಪದ) ಕೂಡ ನಿಗದಿ ಮಾಡಿ.

ಎಕ್ಸೆಲ್ ಬಿಡಿ. ಪ್ರತಿ ಪ್ಲಗಿನ್ ಜೊತೆ ಒಂದು ಚಿಕ್ಕ ಕಡತ ಕಡ್ಡಾಯವಾಗಲಿ: ನೋಡಿಕೊಳ್ಳುವವರು ಯಾರು, ನಿಮ್ಮ ಯಾವ ಆವೃತ್ತಿಗೆ ಹೊಂದುತ್ತದೆ, ಯಾವ ತೂಕದ ಯಂತ್ರದ ಮೇಲೆ ಪರೀಕ್ಷಿಸಲಾಗಿದೆ. ಕೊನೆಯದೇ ನಿಮಗೆ ಮುಖ್ಯ. ಆ ಕಡತಗಳನ್ನು ಒಟ್ಟುಗೂಡಿಸಿ ಪಟ್ಟಿ ಮಾಡುವ ಕೆಲಸವನ್ನು ಸ್ಕ್ರಿಪ್ಟ್‌ಗೆ ವಹಿಸಿ. ಹೊಸ ಆವೃತ್ತಿ ಬಂದಾಗ ಉತ್ತರ ಕೊಡದವರದ್ದನ್ನು ‘ಪಾಲಕರಿಲ್ಲ’ ಎಂಬ ವಿಭಾಗಕ್ಕೆ ಸರಿಸಿ. ಅಳಿಸಬೇಡಿ, ಯಾರಾದರೂ ಬಳಸುತ್ತಿರುತ್ತಾರೆ.

ಪ್ರಶ್ನೆ ಕೇಳಿದವರು

ಉಪಕಾರವಾಯಿತು. ಆ ವೇಬ್ರಿಡ್ಜ್ ಪ್ಲಗಿನ್ ಬರೆದವರು ಪತ್ರಕ್ಕೆ ಉತ್ತರಿಸುತ್ತಿಲ್ಲ. ನಮ್ಮದು ಅಪಾಚೆ 2.0 ಎಂಬ ಮುಕ್ತ ಪರವಾನಗಿ, ಹೆಸರು ಬದಲಿಸಿ ಎಂದು ಕೇಳಬಹುದೇ?

ಉತ್ತರ 1

ಖಂಡಿತ. ಆ ಪರವಾನಗಿಯ 6ನೆಯ ಕಲಮು ಓದಿ: ಕೋಡ್ ಕೊಡುತ್ತದೆ, ವ್ಯಾಪಾರ ಚಿಹ್ನೆಯ ಹಕ್ಕು ಕೊಡುವುದಿಲ್ಲ. ಅವರು ಬದಲಿಸುವವರೆಗೆ ಪಟ್ಟಿಗೆ ಸೇರಿಸಬೇಡಿ. ಜೊತೆಗೆ ತೂಕ ಬರುವ ಪರದೆಯಲ್ಲೇ ಪ್ಲಗಿನ್ ಬರೆದವರ ಹೆಸರು, ಸಂಪರ್ಕ ತೋರಿಸಿ. ದಲಾಲರ ಮುಂದಿನ ಫೋನ್ ಅಲ್ಲಿಗೇ ಹೋಗಲಿ.