‘ನಿಧಾನ’, ‘ಭಾರ’, ‘ಹೊರೆ’: ಸ್ಲೋ ಕ್ವೆರಿಗೆ ಯಾವ ಪದ?

ಬಳಗದ ಎಲ್ಲರಿಗೂ ನಮಸ್ಕಾರ.

ನಮ್ಮಲ್ಲಿ ಹೊಸದಾಗಿ ಕೆಲಸಕ್ಕೆ ಸೇರುವವರಿಗಾಗಿ ಡೇಟಾಬೇಸ್ ನೋಡಿಕೊಳ್ಳುವ ಬಗ್ಗೆ ಕನ್ನಡದಲ್ಲೊಂದು ಕೈಪಿಡಿ ಬರೆಯುತ್ತಿದ್ದೇನೆ. ‘ಸ್ಲೋ ಕ್ವೆರಿ’ (ಡೇಟಾಬೇಸಿಗೆ ಕೊಟ್ಟ, ಮುಗಿಯಲು ಬಹಳ ಹೊತ್ತು ಹಿಡಿಯುವ ಆದೇಶ) ಎಂಬಲ್ಲಿಗೆ ಬಂದು ವಾರದಿಂದ ನಿಂತಿದ್ದೇನೆ. ‘ಕ್ವೆರಿ’ಯನ್ನು ಹಾಗೇ ಉಳಿಸಿಕೊಂಡೆ. ‘ಪ್ರಶ್ನೆ’ ಎಂದು ಬರೆದರೆ, ಟೇಬಲ್ಲಿನಲ್ಲಿ ಇದ್ದ ಸಾಲನ್ನು ತಿದ್ದುವ ಅಪ್‌ಡೇಟ್ ಯಾವ ಸೀಮೆಯ ಪ್ರಶ್ನೆ ಎಂದು ಓದುವವರು ಕೇಳುತ್ತಾರೆ. ತೊಡಕಿರುವುದು ‘ನಿಧಾನ’ದಲ್ಲಿ.

‘ನಿಧಾನಸ್ಥ’ ಅಂದರೆ ನಮ್ಮಲ್ಲಿ ಹೊಗಳಿಕೆ. ‘ನಿಧಾನಿಸಿ ನೋಡು’ ಅಂದರೆ ಮನಸ್ಸಿಟ್ಟು ನೋಡು. ಇದು ಸಣ್ಣ ತಕರಾರು, ಬಿಡಿ. ದೊಡ್ಡ ತಕರಾರೆಂದರೆ, ಡೇಟಾಬೇಸನ್ನು ಬಳಲಿಸುವ ಕ್ವೆರಿ ಎಷ್ಟೋ ಸಲ ನಿಧಾನದ್ದೇ ಆಗಿರುವುದಿಲ್ಲ.

ನಾನೇ ನೋಡಿದ್ದು ಹೇಳುತ್ತೇನೆ. ನಾವು ಬಳಸುವ ಡೇಟಾಬೇಸ್ ಮೈಎಸ್‌ಕ್ಯೂಎಲ್‌. ಹೊತ್ತು ಹಿಡಿದ ಕ್ವೆರಿಗಳನ್ನು ಬರೆದಿಡುವ ಅದರ ಸ್ಲೋ ಕ್ವೆರಿ ಲಾಗ್ ಮೊದಲಿಗೆ ಆಫ್ ಆಗಿರುತ್ತದೆ. ಆನ್ ಮಾಡಿದರೂ, ನಾವು ಮಿತಿ ಬದಲಿಸದಿದ್ದರೆ 10 ಸೆಕೆಂಡು ಮೀರಿದ್ದನ್ನಷ್ಟೇ ಬರೆದಿಡುತ್ತದೆ. ನಮಗೆ ಅದರಲ್ಲಿ ಸಿಕ್ಕಿದ್ದು ರಾತ್ರಿ ಒಮ್ಮೆ ಓಡುವ, 45 ಸೆಕೆಂಡು ಹಿಡಿಯುವ ಒಂದು ವರದಿ ಮಾತ್ರ. ಹಗಲು ಹೊತ್ತು ಸರ್ವರ್ ಏದುಸಿರು ಬಿಡುವುದಕ್ಕೆ ಅದು ಕಾರಣವಾಗುವಂತಿರಲಿಲ್ಲ. ಆಮೇಲೆ ಮಿತಿಯನ್ನು 0ಗೆ ಇಳಿಸಿ, ಅರ್ಧ ಗಂಟೆ ಎಲ್ಲವನ್ನೂ ಬರೆಸಿ, ಒಂದೇ ಅಚ್ಚಿನ ಕ್ವೆರಿಗಳನ್ನು ಗುಂಪು ಮಾಡಿ ನೋಡಿದೆವು. ಮೊಬೈಲ್ ನಂಬರ್ ಕೊಟ್ಟು ಗ್ರಾಹಕರನ್ನು ಹುಡುಕುವ ಒಂದು ಪುಟ್ಟ ಕ್ವೆರಿ. ಸಲಕ್ಕೆ 6 ಮಿಲಿಸೆಕೆಂಡು. ಆದರೆ ದಿನಕ್ಕೆ ಸುಮಾರು 4 ಲಕ್ಷ ಸಲ, ಅಂದರೆ ಒಟ್ಟು 40 ನಿಮಿಷ! ಇದನ್ನು ‘ನಿಧಾನದ ಕ್ವೆರಿ’ ಎಂದು ಹೊಸಬರಿಗೆ ಹೇಳಿಕೊಡುವುದು ಹೇಗೆ?

‘ಭಾರ’ ಎಂದು ಬರೆದು ನೋಡಿದೆ. ಆ ರಾತ್ರಿಯ ವರದಿಗೆ ಅದು ಸರಿಹೊಂದುತ್ತದೆ, ಒಂದೇ ಕಲ್ಲು ಎತ್ತಿದ ಹಾಗೆ. ಈ ಪುಟಾಣಿ ಕ್ವೆರಿಗೆ ಹೊಂದುವುದಿಲ್ಲ. ಕೊನೆಗೆ ಹೊಳೆದದ್ದು ‘ಹೊರೆ’. ಸೌದೆ ಹೊರೆ, ಹುಲ್ಲು ಹೊರೆ: ಒಂದೊಂದು ಕಡ್ಡಿಯೂ ಹಗುರ, ಕಟ್ಟಿ ತಲೆಯ ಮೇಲಿಟ್ಟಾಗ ಕುತ್ತಿಗೆ ನೋಯುತ್ತದೆ. ಒಟ್ಟು ಹೊತ್ತಿನ ಲೆಕ್ಕದಲ್ಲಿ ಮೇಲೆ ನಿಲ್ಲುವ ಕ್ವೆರಿಗೆ ‘ಹೊರೆ ಕ್ವೆರಿ’ ಎಂಬುದೇ ತಕ್ಕ ಪದ ಎಂದು ನನಗೆ ಬಲವಾಗಿ ಅನ್ನಿಸಿದೆ. ‘ದುಬಾರಿ’ಯನ್ನು ಬೇರೆ ಕೆಲಸಕ್ಕೆ ಎತ್ತಿಟ್ಟಿದ್ದೇನೆ, ಕ್ವೆರಿಯನ್ನು ಹೇಗೆ ಓಡಿಸಲಾಗುತ್ತದೆಂದು ಹೇಳುವ ‘ಎಕ್ಸ್‌ಪ್ಲೇನ್’ ಆದೇಶ ತೋರಿಸುವ ಕಾಸ್ಟ್ (ತಗಲುವ ಶ್ರಮದ ಲೆಕ್ಕ) ಬರಿಯ ಅಂದಾಜು, ಅಲ್ಲಿಗೆ ಅದು ಬೇಕು.

ಇನ್ನೊಂದು ಬಗೆಯೂ ಇದೆ. ಬೇರೊಬ್ಬರು ಬೀಗ ಹಾಕಿಕೊಂಡ ಸಾಲಿಗಾಗಿ ಅಪ್‌ಡೇಟ್ ಸುಮ್ಮನೆ ಕಾದು ನಿಂತಿರುತ್ತದೆ. ನಾವು ಬದಲಿಸದ ಹೊರತು ಇನ್ನೋಡಿಬಿ (ಮೈಎಸ್‌ಕ್ಯೂಎಲ್‌ನಲ್ಲಿ ಟೇಬಲ್ಲುಗಳನ್ನು ಇಟ್ಟು ನೋಡಿಕೊಳ್ಳುವ ಭಾಗ) 50 ಸೆಕೆಂಡು ಕಾಯಿಸುತ್ತದೆ. ಅದು ಕೆಲಸವನ್ನೇ ಮಾಡುತ್ತಿಲ್ಲ. ಅದಕ್ಕೆ ‘ತಡೆದ ಕ್ವೆರಿ’ ಎಂದಿಟ್ಟಿದ್ದೇನೆ. ‘ತಡವಾದ’ ಎಂದೇ ಓದಿಬಿಡುವ ಅಪಾಯವಿದೆಯೇ?

ಈಗ ನನ್ನ ಮುಖ್ಯ ಕೇಳ್ವಿ. ಆ ಲಾಗಿನಲ್ಲಿ ಪ್ರತಿ ಕ್ವೆರಿಗೂ ಎರಡು ಅಂಕಿ ಇರುತ್ತವೆ: ಎಷ್ಟು ಸಾಲು ನೋಡಿತು, ಎಷ್ಟು ಸಾಲು ಕೊಟ್ಟಿತು. ನಮ್ಮ ಪುಟ್ಟ ಕ್ವೆರಿ 21,480 ನೋಡಿ 1 ಕೊಡುತ್ತಿತ್ತು. ಮೊಬೈಲ್ ನಂಬರಿನ ಮೇಲೆ ಇಂಡೆಕ್ಸ್ (ಪುಸ್ತಕದ ಕೊನೆಯ ಪದಸೂಚಿಯಂಥದ್ದು) ಹಾಕಿದ ಮೇಲೆ 1 ನೋಡಿ 1 ಕೊಟ್ಟಿತು. ನಾನು ಬರೆದದ್ದು ಹೀಗೆ: ‘21,480 ಸಾಲು ಜಾಲಾಡಿ 1 ಹೆಕ್ಕಿತು’. ‘ಮನೆಯೆಲ್ಲ ಜಾಲಾಡಿದರೂ ಬೀಗದ ಕೈ ಸಿಗಲಿಲ್ಲ’ ಅನ್ನುತ್ತೇವಲ್ಲ, ಇಂಡೆಕ್ಸ್ ಇಲ್ಲದ ಟೇಬಲ್ಲಿನಲ್ಲಿ ನಡೆಯುವುದು ಅದೇ.

ಆದರೆ ಬಟ್ಟೆ ಜಾಲಾಡುವುದೂ ಇದೆ. ನಿಮ್ಮ ಕಡೆ ‘ಜಾಲಾಡು’ ಎಂದೊಡನೆ ಯಾವುದು ಮೊದಲು ನೆನಪಾಗುತ್ತದೆ, ನೀರೋ ಹುಡುಕಾಟವೋ? ಕರಾವಳಿಯವರು ತೋಟದಲ್ಲಿ ಬಿದ್ದ ಅಡಿಕೆ ‘ಹೆಕ್ಕು’ತ್ತಾರೆ, ಮೈಸೂರು ಕಡೆಯವರು ಅಕ್ಕಿಯಲ್ಲಿ ಕಲ್ಲು ‘ಆರಿಸು’ತ್ತಾರೆ. ‘ಆರಿಸು’ ಎಂದರೆ ದೀಪ ಆರಿಸುವುದೂ ಆದೀತೆಂದು ‘ಹೆಕ್ಕು’ ಹಿಡಿದೆ. ಕಲಬುರಗಿ, ಬೀದರ್, ವಿಜಯಪುರದ ಕಡೆಯವರು ಇಲ್ಲಿ ಏನನ್ನುತ್ತೀರಿ? ಮನೆಯಲ್ಲಿ ಹಿರಿಯರನ್ನು ಕೇಳಿ ಬರೆದರೂ ಆಯಿತು. ಪದವೊಂದನ್ನೇ ಕೊಡದೆ, ಅವರು ಆಡಿದ ಇಡೀ ವಾಕ್ಯವನ್ನೇ ಕಳುಹಿಸಿ.