ಐವತ್ತು ದಾಟಿದವರಿಗೆ ಯಾವ ಸರ್ಫ್‌ಬೋರ್ಡ್, ಯಾವ ಫಿನ್? ಕಾಸರಗೋಡು ಕಡಲಿನವರ ಪ್ರಶ್ನೋತ್ತರ

ಈ ವಾರ ನಮ್ಮ ಸರ್ಫಿಂಗ್ ಗುಂಪಿನ ಪ್ರಶ್ನೆಗಳಿಗೆ ಉತ್ತರಿಸುವವರು ಬೋರ್ಡ್ ರಿಪೇರಿ, ತರಬೇತಿ ಎರಡೂ ಮಾಡುವ ನಮ್ಮ ಕರಾವಳಿಯವರೇ ಒಬ್ಬರು.

ಪ್ರಶ್ನೆ (ಕುಂಬಳೆಯಿಂದ):
ಸರ್, ನಮಸ್ಕಾರ. ನನಗೆ 58 ವರ್ಷ, ತೂಕ 76 ಕಿಲೋ, ಎತ್ತರ ಐದು ಅಡಿ ಏಳು ಇಂಚು. ಮುಲ್ಕಿಯಲ್ಲಿ 9 ಅಡಿಯ, ಮೇಲ್ಮೈ ಮೆತ್ತಗಿರುವ ಸಾಫ್ಟ್‌ಟಾಪ್ ಬೋರ್ಡಿನಲ್ಲಿ ಕಲಿತದ್ದು. ಎದ್ದು ನಿಲ್ಲುವುದು, ಅಲೆಯ ಮೈಗುಂಟ ಎಡಕ್ಕೂ ಬಲಕ್ಕೂ ಹೋಗುವುದು ಬರ್ತದೆ. ಆದರೆ ಅದನ್ನು ಕಾರಿನ ಮೇಲೆ ಕಟ್ಟುವುದು, ಮರಳಿನಲ್ಲಿ ಹೊತ್ತುಕೊಂಡು ಹೋಗುವುದು ಈಗ ಆಗುವುದಿಲ್ಲ. ಎಡ ಭುಜದಲ್ಲಿ ಸ್ವಲ್ಪ ನೋವೂ ಉಂಟು. ಸೆಕೆಂಡ್‌ಹ್ಯಾಂಡ್ ಎರಡು ಬೋರ್ಡ್ ನೋಡಿಟ್ಟಿದ್ದೇನೆ. ಒಂದು 6 ಅಡಿ 8 ಇಂಚು, 46 ಲೀಟರ್, ಮೂತಿ ಚೂಪು. ಇನ್ನೊಂದು 7 ಅಡಿ 6 ಇಂಚು, 54 ಲೀಟರ್, ಎಗ್ ಆಕಾರ, ಅಗಲ 22 ಇಂಚು. ಚಿಕ್ಕದೇ ತೆಗೊಳ್ಳಿ, ತಿರುಗಿಸಲು ಸುಲಭ ಅಂತ ಮಗ ಹೇಳ್ತಾನೆ. ನೀವು ಎಂತ ಹೇಳ್ತೀರಿ?

ಉತ್ತರ:
ನಮಸ್ಕಾರ ಸರ್. ಏಳೂವರೆ ಅಡಿಯದ್ದನ್ನೇ ತೆಗೊಳ್ಳಿ.

ಮೊದಲು ಲೀಟರ್ ಲೆಕ್ಕ. ಬೋರ್ಡಿನ ಒಟ್ಟು ಗಾತ್ರ ಅದು, ನಿಮ್ಮನ್ನು ಎಷ್ಟು ತೇಲಿಸ್ತದೆ ಎಂಬುದಕ್ಕೆ ಒಂದು ಅಂದಾಜು. ದಿನಾ ನೀರಿಗಿಳಿಯುವ ಇಪ್ಪತ್ತೈದರ ಹುಡುಗನಿಗೆ ಕಿಲೋಗೆ 0.4 ಲೀಟರ್ ಇದ್ದರೂ ನಡೀತದೆ. ಐವತ್ತು ದಾಟಿ ವಾರಕ್ಕೊಮ್ಮೆ ಇಳಿಯುವವರಿಗೆ ನಾನು 0.65ರಿಂದ 0.75 ಇಟ್ಟುಕೊಳ್ಳಲು ಹೇಳುವುದು. ನಿಮ್ಮ 76 ಕಿಲೋಗೆ ಅದು ಸುಮಾರು 50ರಿಂದ 57 ಲೀಟರ್. ಚಿಕ್ಕ ಬೋರ್ಡ್ ಅಲ್ಲಿಗೇ ಹೊರಗೆ ಬಿತ್ತು.

ಆದರೆ ಲೀಟರ್ ಒಂದನ್ನೇ ನೋಡಿ ದುಡ್ಡು ಕೊಡಬೇಡಿ. ವಯಸ್ಸಾದ ಮೇಲೆ ನಮಗೆ ಮುಖ್ಯವಾಗಿ ಬೇಕಾದದ್ದು ಸಮಯ. ಅಂಗೈ ಊರಿ, ಸೊಂಟ ಎತ್ತಿ, ಮುಂಗಾಲು ಎದೆಯ ಕೆಳಗೆ ತರುವುದಕ್ಕೆ ಹುಡುಗರಿಗಿಂತ ನಮಗೆ ಒಂದು ಕ್ಷಣ ಹೆಚ್ಚು ಹಿಡೀತದೆ. ಆ ಕ್ಷಣವನ್ನು ಬೋರ್ಡೇ ಕೊಡಬೇಕು. ಉದ್ದ ಇದ್ದು, ಎದೆಯ ಭಾಗದಲ್ಲಿ ಅಗಲ ಇದ್ದು, ಅಡಿಭಾಗ ಹೆಚ್ಚು ಬಾಗಿಲ್ಲದ ಬೋರ್ಡ್ ಅಲೆ ಇನ್ನೂ ಇಳಿಜಾರಾಗಿರುವಾಗಲೇ ಓಟ ಹಿಡೀತದೆ. ಅಲೆ ಕಡಿದಾಗುವ ಮೊದಲೇ ನೀವು ಎದ್ದು ನಿಂತಾಗಿರ್ತದೆ. ಚೂಪು ಮೂತಿಯ ಚಿಕ್ಕ ಬೋರ್ಡ್ ಅಲೆ ಕಡಿದಾದ ಮೇಲೆಯೇ ಹೊರಡುವುದು. ಅಲ್ಲಿ ತಡವರಿಸಿದರೆ ಮೂತಿ ನೀರಿಗೆ ಹೊಕ್ಕು ಬೀಳುವುದೇ.

ನಮ್ಮ ಕಡಲನ್ನೂ ನೋಡಿ. ಕುಂಬಳೆಯಿಂದ ಬೇಕಲದವರೆಗೆ ನಮಗೆ ಸಿಗುವುದು ಹೆಚ್ಚಾಗಿ ಮರಳು ತಳದ ಮೇಲೆ ಮುರಿಯುವ ಅಲೆ. ಮಳೆಗಾಲ ಬಿಟ್ಟರೆ ಸೊಂಟದ ಎತ್ತರ ಬಂದರೆ ಒಳ್ಳೆಯ ದಿನ. ಹೊರಗೆ ಮೆತ್ತಗೆ ನೊರೆ ಬಿಡ್ತಾ ಬಂದು, ದಡದ ಹತ್ತಿರ ಒಮ್ಮೆಗೇ ಎದ್ದು ಬಡಿಯುವ ಅಲೆ ಅದು. ಹೊರಗಿನ ಮೆತ್ತನೆಯ ಭಾಗದಲ್ಲಿ ಅಲೆ ಹಿಡಿದರೆ ಮಾತ್ರ ಸವಾರಿ ಉಂಟು. ಮಗ ಹೇಳಿದ್ದು ಸುಳ್ಳಲ್ಲ, ಚಿಕ್ಕದು ತಿರುಗ್ತದೆ. ಆದರೆ ವೇಗ ಇದ್ದರೆ ಮಾತ್ರ. ಬಲ ಇಲ್ಲದ ಅಲೆಯಲ್ಲಿ 46 ಲೀಟರಿನ ಮೇಲೆ 76 ಕಿಲೋ ನಿಂತರೆ ಬೋರ್ಡ್ ಕುಸಿದು ನಿಲ್ತದೆ, ತಿರುಗುವ ಮಾತು ಆಮೇಲಿನದ್ದು.

ದುಡ್ಡು ಕೊಡುವ ಮೊದಲು ಒಂದು ಪರೀಕ್ಷೆ ಮಾಡಿ. ಬೋರ್ಡನ್ನು ಹಾಸಿಗೆಯ ಮೇಲೆ ಅಡಿ ಮೇಲಾಗಿ ಮಲಗಿಸಿ, ಅಡಿಯಲ್ಲಿ ರೆಕ್ಕೆಯ ಹಾಗೆ ಇರುವ ಫಿನ್ ತೆಗೆದು, ನೇರವಾದ ಉದ್ದ ಅಲ್ಯೂಮಿನಿಯಂ ಪಟ್ಟಿಯನ್ನು ನಡುಗೆರೆಯ ಮೇಲೆ ಇಡಿ. ಪಟ್ಟಿ ಬೋರ್ಡಿನ ಮಧ್ಯಕ್ಕೆ ತಾಗಿರಲಿ. ಈಗ ಮೂತಿಯ ತುದಿಗೂ ಪಟ್ಟಿಗೂ ನಡುವಿನ ಸಂದನ್ನು ಟೇಪಿನಲ್ಲಿ ಅಳೆಯಿರಿ. ಆ ಬಾಗನ್ನೇ ರಾಕರ್ ಅನ್ನುವುದು. ನಮ್ಮ ಅಲೆಗೆ, ನಿಮ್ಮ ಪ್ರಾಯಕ್ಕೆ ನಾಲ್ಕರಿಂದ ನಾಲ್ಕೂವರೆ ಇಂಚು ಚೆಂದ. ಐದು ದಾಟಿದರೆ ಪ್ಯಾಡಲ್ ಮಾಡುವಾಗ, ಅಂದರೆ ಬೋರಲು ಮಲಗಿ ಕೈಯಿಂದ ಈಜುವಾಗ, ಬೋರ್ಡ್ ನೀರನ್ನು ತಳ್ಳಿಕೊಂಡೇ ಹೋಗ್ತದೆ, ಭುಜಕ್ಕೆ ಕೆಲಸ ಜಾಸ್ತಿ. ಮೂರಕ್ಕಿಂತ ಕಮ್ಮಿ ಇದ್ದರೆ ದಡದ ಅಲೆಯಲ್ಲಿ ಮೂತಿ ಹೊಗ್ತದೆ. ಹಾಗೆಯೇ ಅಂಚಿನ ಮೇಲೆ ಕೈಯಾಡಿಸಿ. ಅಂಚು, ಅಂದರೆ ರೈಲ್, ನಡುಭಾಗದಲ್ಲಿ ದುಂಡಗೆ ಮೆತ್ತಗಿರಲಿ. ಹಿಂಭಾಗದ ಕೊನೆಯ ಒಂದಡಿಯಲ್ಲಿ ಮಾತ್ರ ಕೆಳಗಿನ ಅಂಚು ಬೆರಳಿಗೆ ತಾಗುವಷ್ಟು ಚೂಪಾಗಿರಬೇಕು.

ನನಗೆ ಅನುಮಾನ ಇರುವುದು ಆ 22 ಇಂಚು ಅಗಲದ ಮೇಲೆ. ಭುಜ ನೋವಿದ್ದವರಿಗೆ ಅಗಲ ಹೆಚ್ಚಾದಷ್ಟೂ ತೋಳನ್ನು ಹೊರಗೆ ಎತ್ತಿ ಹಾಕಬೇಕಾಗ್ತದೆ. ಉದ್ದ ಬೆಂಚಿಗೆ ಹಾಸಿಗೆ ಹಾಕಿ, ಅದರ ಮೇಲೆ ಬೋರ್ಡ್ ಇಟ್ಟು, ನೀವು ಬೋರಲು ಮಲಗಿ ಪ್ಯಾಡಲ್ ಮಾಡಿದಂತೆ ಕೈ ಆಡಿಸಿ ನೋಡಿ. ಕೈ ಮುಂದೆ ಹೋಗುವಾಗ ಭುಜ ಕಿವಿಯ ಹತ್ತಿರಕ್ಕೆ ಬರ್ತದಾದರೆ ಅದು ನಿಮಗೆ ಅಗಲ ಹೆಚ್ಚು. ಆಗ ಅದೇ ಉದ್ದದ, 21 ಕಾಲು ಇಂಚು ಅಗಲದ್ದು ಸಿಗುವವರೆಗೆ ಕಾಯಿರಿ. ನೋವು ರಾತ್ರಿ ನಿದ್ದೆ ಕೆಡಿಸುವಷ್ಟು ಇದ್ದರೆ ಬೋರ್ಡ್ ಆಮೇಲೆ, ಮೊದಲು ಡಾಕ್ಟರು.

ಪ್ರಶ್ನೆ (ಕುಂಬಳೆಯವರೇ):
ಮಲಗಿ ನೋಡಿದೆ, ಭುಜಕ್ಕೆ ತೊಂದರೆ ಆಗಲಿಲ್ಲ. ದೊಡ್ಡದನ್ನೇ ತೆಗೊಂಡೆ. ಅಡಿಯಲ್ಲಿ ನಡುವೆ ಫಿನ್ ಕೂರಿಸುವ ಒಂದು ಉದ್ದ ಗಾಡಿ (ತೋಡು), ಎರಡೂ ಬದಿಗೆ ಒಂದೊಂದು ಚಿಕ್ಕ ಗಾಡಿ ಉಂಟು. ಮಾರಿದವರು 9 ಇಂಚಿನ ಒಂದು ದೊಡ್ಡ ಫಿನ್ ಕೊಟ್ಟಿದ್ದಾರೆ. ಅದೊಂದೇ ಸಾಕಾ? ಮೂರೂ ಹಾಕಬೇಕಾ?

ಉತ್ತರ:
ಆ ಉದ್ದ ಗಾಡಿ ಇರುವುದೇ ನಿಮ್ಮ ಭಾಗ್ಯ ಸರ್. ಫಿನ್ನನ್ನು ಹಿಂದೆ ಮುಂದೆ ಸರಿಸಬಹುದು, ಅಂದರೆ ಒಂದೇ ಬೋರ್ಡಿನಲ್ಲಿ ನಾಲ್ಕಾರು ಸ್ವಭಾವ ಸಿಗ್ತದೆ. ವಯಸ್ಸಾದವರು ಬೋರ್ಡ್ ಬದಲಿಸುವ ಮೊದಲು ಫಿನ್ ಬದಲಿಸಿ ನೋಡಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

9 ಇಂಚಿನದ್ದು 9 ಅಡಿಯ ಲಾಂಗ್‌ಬೋರ್ಡಿಗೆ ಆಗುವಂಥದ್ದು. ಒಂದೇ ಫಿನ್ ಹಾಕುವುದಾದರೆ ಅಡಿಗೆ ಒಂದು ಇಂಚು ಅನ್ನುವುದು ಹಳೆಯ ಅಂದಾಜು. ನಿಮ್ಮದಕ್ಕೆ 7ರಿಂದ 7.5 ಇಂಚು. ದೊಡ್ಡ ಫಿನ್ ಬೋರ್ಡನ್ನು ನೇರ ದಾರಿಗೆ ಕಟ್ಟಿ ಹಾಕ್ತದೆ. ತಿರುಗಿಸಲು ಹಿಂಗಾಲನ್ನು ಒತ್ತಿ ಹೊರಳಿಸಬೇಕಾಗ್ತದೆ, ಆ ಹೊರಳು ಬೀಳುವುದು ಮೊಣಕಾಲಿನ ಮೇಲೆ. ಇಪ್ಪತ್ತರಲ್ಲಿ ಗೊತ್ತಾಗುವುದಿಲ್ಲ, ಐವತ್ತೆಂಟರಲ್ಲಿ ಮರುದಿನ ಬೆಳಿಗ್ಗೆ ಮೆಟ್ಟಿಲಿಳಿಯುವಾಗ ಗೊತ್ತಾಗ್ತದೆ. ಇನ್ನೊಂದು, ನಮ್ಮಲ್ಲಿ ಸವಾರಿ ಮುಗಿಯುವುದು ಮೊಣಕಾಲುದ್ದದ ನೀರಿನಲ್ಲಿ. 9 ಇಂಚಿನ ಫಿನ್ ಮರಳಿಗೆ ಸಿಕ್ಕಿಕೊಂಡರೆ ಬೋರ್ಡ್ ಅಲ್ಲೇ ನಿಲ್ತದೆ, ನೀವು ಮುಂದೆ ಹೋಗ್ತೀರಿ. ಫಿನ್ನಿನ ಗಾಡಿ ಬುಡಸಮೇತ ಬಿರುಕು ಬಿಟ್ಟ ಬೋರ್ಡ್‌ಗಳು ರಿಪೇರಿಗೆ ಬರುವುದು ಹೆಚ್ಚಾಗಿ ಹೀಗೇ.

ನಾನು ನಿಮಗೆ ಹೇಳುವುದು ಟೂ ಪ್ಲಸ್ ವನ್. ನಡುವೆ 6ರಿಂದ 6.5 ಇಂಚಿನದ್ದು, ಬದಿಗಳಿಗೆ ಮೂರು–ಮೂರೂವರೆ ಇಂಚಿನ ಎರಡು ಚಿಕ್ಕವು. ನಡುವಿನದ್ದು ನೇರ ಹಿಡಿತ ಕೊಡ್ತದೆ. ಬೋರ್ಡ್ ಅಂಚಿನ ಮೇಲೆ ವಾಲಿದಾಗ ಆ ಬದಿಯ ಚಿಕ್ಕ ಫಿನ್ ನೀರನ್ನು ಕಚ್ಚಿ ಹಿಂಭಾಗ ಜಾರದಂತೆ ತಡೀತದೆ. ನಡುವಿನದ್ದು ಚಿಕ್ಕದಾದ್ದರಿಂದ ಕಾಲು ಹೊರಳಿಸುವ ಶ್ರಮ ಕಡಿಮೆ, ಸೊಂಟ ವಾಲಿಸಿದರೆ ಸಾಕು.

ಹಾಕುವ ಕ್ರಮ ಹೀಗೆ. ನಡುವಿನ ಫಿನ್ನನ್ನು ಗಾಡಿಯ ಸರಿ ಮಧ್ಯಕ್ಕೆ ಇಟ್ಟು ಸ್ಕ್ರೂ ಬಿಗಿ ಮಾಡಿ, ಆ ಜಾಗಕ್ಕೆ ಪೆನ್ಸಿಲಿನಲ್ಲಿ ಗೆರೆ ಎಳೆಯಿರಿ. ಎರಡು ಮೂರು ಸಲ ಹಾಗೆಯೇ ಇಳಿಯಿರಿ. ಬೋರ್ಡ್ ಬಿಗಿಯಾಗಿದೆ, ತಿರುಗುವುದಿಲ್ಲ ಅನಿಸಿದರೆ ಅರ್ಧ ಇಂಚು ಮೂತಿಯ ಕಡೆಗೆ ಸರಿಸಿ. ಹಿಂಭಾಗ ಜಾರ್ತದೆ, ನಿಂತಲ್ಲಿ ಭದ್ರ ಇಲ್ಲ ಅನಿಸಿದರೆ ಅರ್ಧ ಇಂಚು ಹಿಂದಕ್ಕೆ. ಒಂದೇ ಸಲಕ್ಕೆ ಎರಡು ಇಂಚು ಸರಿಸಿದರೆ ಯಾವುದರಿಂದ ಎಂತ ಆಯಿತು ಅಂತ ತಿಳಿಯುವುದಿಲ್ಲ. ಅಲೆ ತೀರಾ ಚಿಕ್ಕದಿರುವ ದಿನ ಬದಿಯ ಎರಡನ್ನೂ ತೆಗೆದು 7 ಇಂಚಿನದ್ದೊಂದನ್ನೇ ಹಾಕಿ ನೋಡಿ. ನೀರಿನ ಎಳೆತ ಕಡಿಮೆಯಾಗಿ ಬೋರ್ಡ್ ಜಾರುವ ಸುಖವೇ ಬೇರೆ. 1935ರಲ್ಲಿ ಟಾಮ್ ಬ್ಲೇಕ್ ಮೊದಲ ಬಾರಿಗೆ ಸರ್ಫ್‌ಬೋರ್ಡಿಗೆ ಫಿನ್ ಜೋಡಿಸಿದಾಗ ಇದ್ದದ್ದೂ ಒಂದೇ.

ಉಪ್ಪುನೀರಿಗೆ ಸ್ಕ್ರೂ ಮತ್ತು ಅದರ ಚಿಕ್ಕ ತಗಡು ತುಕ್ಕು ಹಿಡಿದು ಗಾಡಿಯೊಳಗೇ ಕೂತುಬಿಡ್ತದೆ. ಸ್ಟೇನ್‌ಲೆಸ್ ಸ್ಟೀಲಿನದ್ದೇ ಹಾಕಿ, ಪ್ರತಿ ಸಲ ಬಾವಿನೀರಿನಲ್ಲಿ ತೊಳೆಯಿರಿ.

ಪ್ರಶ್ನೆ (ಉಪ್ಪಳದಿಂದ):
ಅಣ್ಣ, ಟ್ವಿನ್ ಫಿನ್ ಮಿಡ್‌ಲೆಂತ್, ಅಂದರೆ ಎರಡೇ ಫಿನ್ ಇರುವ ಮಧ್ಯಮ ಉದ್ದದ ಬೋರ್ಡ್, ಈಗ ವಿಡಿಯೋಗಳಲ್ಲಿ ತುಂಬಾ ಕಾಣ್ತದೆ. 51ರ ನನಗೆ ಆಗಬಹುದಾ? ಥ್ರಸ್ಟರ್ ಹೇಗೆ?

ಉತ್ತರ:
ಟ್ವಿನ್‌ನಲ್ಲಿ ನಡುಫಿನ್ ಇಲ್ಲದ್ದರಿಂದ ಚಿಕ್ಕ ಅಲೆಯಲ್ಲೂ ಓಡ್ತದೆ, ಹಗುರ ತಿರುಗ್ತದೆ. ಅಂಚಿನ ಮೇಲೆ ನಿಂತು ಓಡಿಸಲು ಬರುವವರಿಗೆ ಅದು ಹಬ್ಬ. ಬೋರ್ಡಿನ ನಡುಗೆರೆಯ ಮೇಲೆ ನೆಟ್ಟಗೆ ನಿಲ್ಲುವ ಅಭ್ಯಾಸ ಇನ್ನೂ ಇದ್ದರೆ ಹಿಂಭಾಗ ಜಾರಿ ಜಾರಿ ಹೋಗ್ತದೆ, ಜಾರಿದಾಗ ಕಾಲು ಅಗಲವಾಗಿ ತೊಡೆಸಂದು ಎಳೀತದೆ. ನೀವು ಟೂ ಪ್ಲಸ್ ವನ್‌ನಲ್ಲಿ ಎರಡೂ ಬದಿಗೆ ಸಲೀಸಾಗಿ ತಿರುಗುವವರಾದರೆ ಧಾರಾಳ ಪ್ರಯತ್ನಿಸಿ.

ಥ್ರಸ್ಟರ್, ಅಂದರೆ ಹೆಚ್ಚುಕಡಿಮೆ ಒಂದೇ ಅಳತೆಯ ಮೂರು ಫಿನ್, 1980ರ ಹೊತ್ತಿಗೆ ಆಸ್ಟ್ರೇಲಿಯಾದ ಸೈಮನ್ ಆಂಡರ್ಸನ್ ರೂಪಿಸಿದ್ದು. ಕಡಿದಾದ, ಬಲವಾದ ಅಲೆಗೆ ಅದರಂಥದ್ದು ಇಲ್ಲ. ನಮ್ಮ ಸೊಂಟದೆತ್ತರದ ಅಲೆಗೆ ಅದು ಬ್ರೇಕ್ ಒತ್ತಿಕೊಂಡು ಸ್ಕೂಟರ್ ಓಡಿಸಿದ ಹಾಗೆ.

ಪ್ರಶ್ನೆ (ಹೊಸದುರ್ಗದಿಂದ):
ಸರ್, ನನಗೆ 53, ತೂಕ 58 ಕಿಲೋ. ಕಲಿಯಲು ಶುರುಮಾಡಿ ಎರಡು ವರ್ಷ ಆಯ್ತು. ಒಂದು ಮೊಣಕಾಲು ಊರಿಯೇ ಏಳುವುದು. ನಾನೂ ಏಳಡಿಯದ್ದು ತೆಗೊಳ್ಳಬಹುದಾ?

ಉತ್ತರ:
ಅಕ್ಕ, ತೂಕದ ಲೆಕ್ಕದಲ್ಲಿ 7 ಅಡಿ, ಅಗಲ 21 ಇಂಚು, 40–43 ಲೀಟರ್ ನಿಮಗೆ ಸರಿಯಾದ ಅಳತೆ. ಆದರೆ ಈಗಲೇ ಬೇಡ. 8 ಅಡಿಯ ಮೇಲಿನ ಬೋರ್ಡ್ ಒಂದು ಮೊಣಕಾಲಿನ ಭಾರವನ್ನು ಸಹಿಸ್ತದೆ, ಏಳಡಿಯದ್ದು ಸಹಿಸುವುದಿಲ್ಲ. ಭಾರ ಒಂದೇ ಬದಿಗೆ ಬಿದ್ದ ಕೂಡಲೇ ಅಂಚು ಮುಳುಗಿ ಮಗುಚ್ತದೆ. ಇಷ್ಟು ದಿನ ಕಲಿತದ್ದರ ಮೇಲೆ ನಂಬಿಕೆ ಹೋಗಿಬಿಡ್ತದೆ, ಅದು ನನಗೆ ಸಂಕಟ.

ಮನೆಯ ಜಗಲಿಯಲ್ಲಿ ಚಾಪೆ ಹಾಕಿ ದಿನಾ ಸ್ವಲ್ಪ ಅಭ್ಯಾಸ ಮಾಡಿ. ಬೋರಲು ಮಲಗಿ, ಅಂಗೈಗಳನ್ನು ಕೆಳಪಕ್ಕೆಲುಬಿನ ನೇರಕ್ಕೆ ಊರಿ, ಮೊದಲು ಹಿಂಗಾಲಿನ ಪಾದವನ್ನು ಅಡ್ಡ ಇಟ್ಟು, ಆಮೇಲೆ ಮುಂಗಾಲನ್ನು ಕೈಗಳ ನಡುವೆ ತನ್ನಿ. ಎರಡು ಹಂತದಲ್ಲಿ ಎದ್ದರೂ ಅಡ್ಡಿಯಿಲ್ಲ, ಮೊಣಕಾಲು ಮಾತ್ರ ನೆಲಕ್ಕೆ ತಾಗಬಾರದು. ಚಾಪೆಯಲ್ಲಿ ಸಲೀಸಾದ ಮೇಲೆ ಯಾರಾದರೊಬ್ಬರ ಏಳಡಿ ಬೋರ್ಡ್ ಕೇಳಿ ಇಳಿದು ನೋಡಿ, ಆಮೇಲೆ ಖರೀದಿ. ಆಗ ನಡುವಿನ ಫಿನ್ 5.5ರಿಂದ 6 ಇಂಚು ಸಾಕು. ಹಗುರ ದೇಹಕ್ಕೆ ದೊಡ್ಡ ಫಿನ್ ಇನ್ನಷ್ಟು ಬಿಗಿ.

ಪ್ರಶ್ನೆ (ತಲಪಾಡಿಯಿಂದ):
ಹೊಸ ಬೋರ್ಡ್ ಮೊದಲ ಸಲ ನೀರಿಗಿಳಿಸಲು ಯಾವ ಹೊತ್ತು, ಯಾವ ಜಾಗ?

ಉತ್ತರ:
ಬೆಳಿಗ್ಗೆ ಬೇಗ. ಆಗ ಗಾಳಿ ನೆಲದಿಂದ ಕಡಲಿಗೆ, ಅಲೆಯ ಮೈ ನುಣುಪು. ಹತ್ತು ಹನ್ನೊಂದು ಗಂಟೆಗೆ ಕಡಲಗಾಳಿ ಎದ್ದ ಮೇಲೆ ಎಲ್ಲ ಕಲಕಿ ಹೋಗ್ತದೆ. ಜೂನ್‌ನಿಂದ ಆಗಸ್ಟ್ ಮಧ್ಯದವರೆಗೆ ಇಳಿಯುವ ಯೋಚನೆಯೇ ಬೇಡ, ಅದರಲ್ಲಿ ಹೆಚ್ಚಿನ ದಿನ ಯಾಂತ್ರಿಕ ದೋಣಿಗಳೇ ದಡದಲ್ಲಿರ್ತವೆ.

ಜಾಗ ಆರಿಸುವಾಗ ಹಿಂದೆ ನೋಡಿ. ಕಡಲ್ಕೊರೆತಕ್ಕೆ ಕಲ್ಲು ಹಾಕಿದ ಕಡೆ, ಭರತದಲ್ಲಿ ನೀರು ಕಲ್ಲಿನವರೆಗೆ ಬರುವ ಕಡೆ, ಇಳಿಯಲೇಬೇಡಿ. ಮರಳು ಅಗಲವಾಗಿರುವ ದಡ ಬೇಕು. ಅಳಿವೆ ಬಾಗಿಲಿನಲ್ಲಿ ಅಲೆ ಚೆಂದ ಕಾಣ್ತದೆ, ಆದರೆ ಇಳಿತದ ಹೊತ್ತಿಗೆ ಹೊಳೆಯ ಸೆಳೆತ ಹೊರಗೆ ಒಯ್ತದೆ. ಏಪ್ರಿಲ್–ಮೇಯಲ್ಲಿ ಗಾಳಿಯೇ ಇಲ್ಲದೆ ದಿಢೀರ್ ಏಳುವ ಕಳ್ಳಕಡಲಿನ ಬಗ್ಗೆಯೂ ಎಚ್ಚರ. ದೂರದ ದಕ್ಷಿಣ ಸಾಗರದಲ್ಲಿ ಹುಟ್ಟಿ ಬರುವ ದೊಡ್ಡ ಅಲೆ ಅದು, ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಮುಂಚಿತವಾಗಿ ಸೂಚನೆ ಕೊಡ್ತದೆ. ಹೊರಡುವ ಮೊದಲು ಅದನ್ನು ನೋಡಿ. ಕಾಲಿಗೂ ಬೋರ್ಡಿಗೂ ಕಟ್ಟುವ ಹಗ್ಗ, ಅಂದರೆ ಲೀಶ್, ಹೆಚ್ಚುಕಡಿಮೆ ಬೋರ್ಡಿನಷ್ಟೇ ಉದ್ದ ಇರಲಿ.

ಪ್ರಶ್ನೆ (ಮಂಜೇಶ್ವರದಿಂದ):
ನನ್ನ ಬೋರ್ಡಿಗೆ ಮೂತಿಯ ಹತ್ತಿರ ಏಟು ಬಿದ್ದು ಒಡೆದಿದೆ. ಮಂಗಳೂರು ದಕ್ಕೆಯಲ್ಲಿ ಫೈಬರ್ ದೋಣಿಗೆ ಹಾಕುವ ರೆಸಿನ್, ಮ್ಯಾಟ್ ಸಿಗ್ತದಲ್ಲ. ಅದನ್ನೇ ಹಾಕಿ ಮುಚ್ಚಬಹುದಾ?

ಉತ್ತರ:
ಒಳಗಿನ ಫೋಮ್ ಯಾವುದು ಎಂಬುದರ ಮೇಲೆ ಹೋಗ್ತದೆ. ಒಡೆದ ಜಾಗವನ್ನು ಟಾರ್ಚ್ ಹಿಡಿದು ನೋಡಿ. ಥರ್ಮೋಕೋಲಿನ ಹಾಗೆ ಬಿಳಿ ಮಣಿ ಮಣಿ ಕಂಡರೆ ಅದು ಇಪಿಎಸ್. ದೋಣಿಯವರ ಪಾಲಿಯೆಸ್ಟರ್ ರೆಸಿನ್ ತಾಗಿದರೆ ಅದು ಕರಗಿ ಒಳಗೆ ಗುಂಡಿ ಬೀಳ್ತದೆ, ಬೋರ್ಡ್ ಕೆಟ್ಟಿತು ಅಂತಲೇ. ಅದಕ್ಕೆ ಎಪಾಕ್ಸಿ ರೆಸಿನ್ನೇ ಬೇಕು. ಮಣಿ ಕಾಣದೆ ನುಣುಪು ಪುಡಿಯಂತೆ, ಸ್ವಲ್ಪ ಹಳದಿಗಟ್ಟಿದ್ದರೆ ಪಿಯು, ಅಂದರೆ ಪಾಲಿಯುರೆಥೇನ್ ಫೋಮ್. ಅದಕ್ಕೆ ದಕ್ಕೆಯ ರೆಸಿನ್ ಆಗ್ತದೆ. ದೋಣಿಯ ದಪ್ಪ ಮ್ಯಾಟ್ ಮಾತ್ರ ಬೇಡ, ತೆಳು ಫೈಬರ್ ಬಟ್ಟೆ ಕೇಳಿ ತನ್ನಿ.

ಎರಡರಲ್ಲಿ ಯಾವುದಾದರೂ, ಇವತ್ತೇ ಮುಚ್ಚಬೇಡಿ. ಒಳಗೆ ನೀರು ಹೋಗಿರ್ತದೆ, ಇಪಿಎಸ್ ಅಂತೂ ಚೆನ್ನಾಗಿ ಕುಡೀತದೆ. ಒಡೆದ ಬಾಯಿ ಕೆಳಗಾಗಿ ನೆರಳಿನಲ್ಲಿ, ಗಾಳಿಯಾಡುವಲ್ಲಿ ನಿಲ್ಲಿಸಿ. ಒತ್ತಿದರೆ ಹನಿ ಬರುವುದು ನಿಂತು, ಮತ್ತೂ ಒಂದು ವಾರ ಒಣಗಲಿ. ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಒಣಗಿಸಲು ಇಡಬೇಡಿ, ಮೇಲಿನ ಫೈಬರ್ ಪದರ ಗುಳ್ಳೆಯೆದ್ದು ಫೋಮಿನಿಂದ ಬಿಟ್ಟುಕೊಳ್ತದೆ. ಒಡೆದ ಜಾಗದ ಒಂದು ಹತ್ತಿರದ ಫೋಟೋ ಗುಂಪಿಗೆ ಹಾಕಿ, ಯಾವ ಫೋಮ್ ಅಂತ ನೋಡಿ ಹೇಳ್ತೇನೆ.