ಅಣ್ಣನಿಗೆ ಟಾರ್ಗೆಟ್ ಲೆಟರ್ ಬಂದಿದೆ: ಲೈಸೆನ್ಸ್ ಇಲ್ಲದೆ ಕೋವಿ ವ್ಯಾಪಾರ ಮಾಡಿದ ಆರೋಪ

ಕಾಫಿತೋಟ:

ಎಲ್ಲರಿಗೂ ನಮಸ್ಕಾರ. ಅಮೆರಿಕದ ಓಹಾಯೋ ರಾಜ್ಯದ ಸಿನ್ಸಿನಾಟಿಯಲ್ಲಿರುವ ನಮ್ಮಣ್ಣನ ವಿಷಯ. ಗ್ರೀನ್ ಕಾರ್ಡ್ ಇದೆ, ಸಿಟಿಜನ್ ಅಲ್ಲ. ನಾವು ವಿರಾಜಪೇಟೆ ಕಡೆಯ ಕೊಡವರು. ಮನೆಯಲ್ಲಿ ಕೋವಿ ಅಂದ್ರೆ ಕೈಲ್ ಪೊಳ್ದ್ ದಿನ ಹೂವಿಟ್ಟು ಪೂಜೆ ಮಾಡುವ ವಸ್ತು. ಊರಲ್ಲಿ ನಮಗೆ ಲೈಸೆನ್ಸ್‌ನಿಂದ ವಿನಾಯಿತಿಯೂ ಇದೆ. ಆ ಹುಚ್ಚು ಅಣ್ಣನಿಗೆ ಇಲ್ಲೂ ಹೋಗಿಲ್ಲ.

ಹಳೇ ರೈಫಲ್ ಕೊಳ್ಳುತ್ತಾನೆ, ಕೆಲವು ದಿನ ಇಟ್ಟುಕೊಳ್ಳುತ್ತಾನೆ, ಆಮೇಲೆ ಗನ್ ಶೋನಲ್ಲೋ ಆನ್‌ಲೈನ್ ಜಾಹೀರಾತು ಹಾಕಿಯೋ ಮಾರುತ್ತಾನೆ. ಇತ್ತೀಚೆಗೆ ಪಿಸ್ತೂಲುಗಳೂ ಸೇರಿಕೊಂಡಿದ್ದವು. ಎರಡು ವರ್ಷದಲ್ಲಿ ಸುಮಾರು ಇಪ್ಪತ್ತು ಮಾರಿರಬಹುದು. ಅದರಲ್ಲಿ ಒಂದು ಪಿಸ್ತೂಲು, ಅಂಗಡಿಯಿಂದ ಹೊಸದಾಗಿ ತಂದು ತಿಂಗಳೊಳಗೆ ಮಾರಿದ್ದು, ನದಿಯಾಚೆ ಕೆಂಟಕಿಯ ಕೋವಿಂಗ್ಟನ್‌ನಲ್ಲಿ ಪೊಲೀಸರಿಗೆ ಯಾರದೋ ಕಾರಿನಲ್ಲಿ ಸಿಕ್ಕಿದೆ. ಅದಾದ ಮೇಲೆ ಎಟಿಎಫ್‌ನ (ಕೋವಿ ಕಾನೂನು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಇಲಾಖೆ) ಇಬ್ಬರು ಮನೆಗೆ ಬಂದಿದ್ದರು. ಅಣ್ಣ ಇರಲಿಲ್ಲ, ಅತ್ತಿಗೆ ಕಾರ್ಡ್ ಇಸ್ಕೊಂಡರು. ಈಗ ಫೆಡರಲ್, ಅಂದ್ರೆ ಕೇಂದ್ರ ಸರ್ಕಾರದ, ಪ್ರಾಸಿಕ್ಯೂಟರ್ ಕಚೇರಿಯಿಂದ ಟಾರ್ಗೆಟ್ ಲೆಟರ್ (ನಿಮ್ಮ ಮೇಲೇ ತನಿಖೆ ನಡೆದಿದೆ, ಆರೋಪ ಹೊರಿಸಬಹುದು ಎಂದು ತಿಳಿಸುವ ಪತ್ರ) ಬಂದಿದೆ.

ಅವನಿಗೆ ಒಳ್ಳೇ ಐಟಿ ಕೆಲಸ ಇದೆ, ಇದು ಹೊಟ್ಟೆಪಾಡಲ್ಲ. "ನಾನೇ ಫೋನ್ ಮಾಡಿ ಎಲ್ಲ ವಿವರಿಸುತ್ತೇನೆ, ಮುಗಿಯುತ್ತದೆ" ಅಂತಾನೆ. ಮಾಡಬಹುದಾ?

ಓಹಾಯೋರಾಯ:

ಇದರಲ್ಲೇನಿದೆ? ಓಹಾಯೋದಲ್ಲಿ ಖಾಸಗಿಯಾಗಿ ಕೋವಿ ಮಾರುವುದು ಕಾನೂನುಬದ್ಧ. ಹೋಗಿ ನೇರವಾಗಿ ಹೇಳಿಬಿಡಲಿ. ತಪ್ಪು ಮಾಡಿಲ್ಲದವನು ಯಾಕೆ ಹೆದರಬೇಕು?

ಹಾಸನದಕ್ಕ:

ರಾಯರೇ, ದಯವಿಟ್ಟು ಬೇಡ. ನಾನು ಇದೇ ರಾಜ್ಯದಲ್ಲಿ ಕ್ರಿಮಿನಲ್ ಕೇಸು ನಡೆಸುವ ವಕೀಲರೊಬ್ಬರ ಆಫೀಸಿನಲ್ಲಿ ಪ್ಯಾರಾಲೀಗಲ್. ವಕೀಲೆ ಅಲ್ಲ. ಆದರೆ ಇಂಥ ಫೈಲುಗಳನ್ನು ಜೋಡಿಸಿಡುವುದೇ ನನ್ನ ಕೆಲಸ. ಅದರಲ್ಲಿ ಅರ್ಧಕ್ಕರ್ಧ ಫೈಲುಗಳಲ್ಲಿ ಸರ್ಕಾರದ ಅತಿ ಬಲವಾದ ಸಾಕ್ಷಿ ಅಂದ್ರೆ ಆರೋಪಿಯೇ ಸೋಫಾ ಮೇಲೆ ಕೂತು ಏಜೆಂಟರಿಗೆ ಕಾಫಿ ಕೊಟ್ಟು ಹೇಳಿದ ಮಾತು.

ನೋಡಮ್ಮ, ಅಣ್ಣ ಫೋನ್ ಮುಟ್ಟಬಾರದು. ಅತ್ತಿಗೆಯೂ ಅಷ್ಟೇ. "ವಕೀಲರ ಮೂಲಕ ಮಾತಾಡುತ್ತೇವೆ" ಅಂದರೆ ಸಾಕು. ಪ್ರಮಾಣ ಮಾಡಿರದಿದ್ದರೂ ಫೆಡರಲ್ ಏಜೆಂಟರಿಗೆ ಸುಳ್ಳು ಹೇಳಿದರೆ ಅದೇ ಬೇರೆ ಅಪರಾಧ, ಇನ್ನೂ 5 ವರ್ಷ. ಹೆದರಿಕೆಯಲ್ಲಿ "ಐದಾರು ಮಾರಿರಬಹುದು" ಅಂದುಬಿಟ್ಟರೆ ಕಥೆ ಮುಗಿಯಿತು. ಜಾಹೀರಾತು, ಮೆಸೇಜು ಏನನ್ನೂ ಅಳಿಸಬಾರದು. ಅದಕ್ಕೆ 20 ವರ್ಷದವರೆಗೆ ಶಿಕ್ಷೆ ಇದೆ, ಅಂದ್ರೆ ಮೂಲ ಆರೋಪಕ್ಕಿಂತ ನಾಲ್ಕು ಪಟ್ಟು. ಮನೆಯಲ್ಲಿ ಉಳಿದ ಕೋವಿಗಳನ್ನು ಈಗ ಮಾರಿ ಕೈ ತೊಳೆದುಕೊಳ್ಳುವ ಯೋಚನೆಯೂ ಬೇಡ.

ಇನ್ನು ಕಾನೂನು. ರಾಯರು ಹೇಳಿದ್ದು ಓಹಾಯೋ ಕಾನೂನು. ಇವರ ಮೇಲೆ ಬರುತ್ತಿರುವುದು ಫೆಡರಲ್. ಸ್ವಂತ ಸಂಗ್ರಹದ ಕೋವಿಯನ್ನು ಆಗೊಂದು ಈಗೊಂದು ಮಾರಿದರೆ ಲೈಸೆನ್ಸ್ ಬೇಡ ಎಂದು 1986ರಿಂದಲೇ ಕಾನೂನಿನಲ್ಲಿ ಬರೆದಿದೆ. ವ್ಯಾಪಾರಕ್ಕಿಳಿದರೆ ಬೇಕು. ಇಲ್ಲದಿದ್ದರೆ 5 ವರ್ಷದವರೆಗೆ ಜೈಲು, ಎರಡೂವರೆ ಲಕ್ಷ ಡಾಲರ್‌ವರೆಗೆ ದಂಡ. ಎಷ್ಟು ಮಾರಿದರೆ ವ್ಯಾಪಾರ ಎಂದು ಎಲ್ಲೂ ಹೇಳಿಲ್ಲ. ಮೊದಲು "ಮುಖ್ಯ ಉದ್ದೇಶ ಜೀವನೋಪಾಯ ಮತ್ತು ಲಾಭ" ಎಂದಿತ್ತು. ಆಗಿದ್ದರೆ ನಿಮ್ಮಣ್ಣನ ಐಟಿ ಸಂಬಳ ದೊಡ್ಡ ಗುರಾಣಿ. 2022ರ ಜೂನ್‌ನಲ್ಲಿ ಕಾಂಗ್ರೆಸ್ ಆ ಜೀವನೋಪಾಯವನ್ನು ತೆಗೆದು "ಹೆಚ್ಚಾಗಿ ಲಾಭಕ್ಕಾಗಿ" ಎಂದು ಮಾಡಿತು. ಈಗ ಸಂಬಳ ತೋರಿಸಿದರೆ ಸ್ವಲ್ಪ ಸಹಾಯ, ಅಷ್ಟೇ. ಎಟಿಎಫ್ ಇದರ ಮೇಲೆ 2024ರಲ್ಲಿ ಒಂದು ದೊಡ್ಡ ನಿಯಮ ತಂದಿತು. ಟೆಕ್ಸಾಸ್‌ನ ಕೋರ್ಟು ಕೆಲವು ರಾಜ್ಯಗಳ ಮಟ್ಟಿಗೆ ಅದನ್ನು ತಡೆಯಿತು, 2025ರ ಏಪ್ರಿಲ್‌ನಲ್ಲಿ ಸರ್ಕಾರವೇ ಮರುಪರಿಶೀಲಿಸುತ್ತೇವೆ ಅಂದಿತು. ಗುಂಪಿನಲ್ಲಿ ಇದನ್ನು ಓದಿ ಖುಷಿಪಡುವವರು ಇದ್ದಾರೆ. ನಿಯಮ ಏನೇ ಆಗಲಿ, 2022ರ ಕಾಯ್ದೆ ಹಾಗೇ ಇದೆ.

ವಾದ ನಿಲ್ಲುವುದು ಎರಡು ಕಡೆ. ಒಂದು, ಲಾಭಕ್ಕೆ ಕೊಂಡು ಮಾರಿದನೋ, ಸಂಗ್ರಹ ಬದಲಾಯಿಸುತ್ತಿದ್ದನೋ. ಪ್ರತಿ ಕೋವಿಗೂ ಕೊಂಡ ದಿನ, ಬೆಲೆ, ಮಾರಿದ ದಿನ, ಬೆಲೆ, ಮಾರಿದ ಕಾರಣ ಬೇಕು. ನಷ್ಟಕ್ಕೆ ಮಾರಿದ್ದಿದ್ದರೆ ಆ ರಸೀದಿ ಚಿನ್ನ. ಮೂರು ವರ್ಷ ಇಟ್ಟುಕೊಂಡ ರೈಫಲ್ ಬೇರೆ. ಡಬ್ಬಿ ಸಮೇತ ತಿಂಗಳೊಳಗೆ ಹೋದ ಪಿಸ್ತೂಲು ಬೇರೆ. ಎರಡು, ತಪ್ಪೆಂದು ಗೊತ್ತಿದ್ದೇ ಮಾಡಿದನೋ. ಇದಕ್ಕೆ 1998ರ ಬ್ರಯನ್ ತೀರ್ಪು. ಆತ ಓಹಾಯೋದಲ್ಲಿ ಬೇರೆಯವರ ಹೆಸರಲ್ಲಿ ಪಿಸ್ತೂಲು ಕೊಳ್ಳಿಸಿ, ಸೀರಿಯಲ್ ನಂಬರ್ ಉಜ್ಜಿ, ಬ್ರೂಕ್ಲಿನ್‌ನ ಬೀದಿಗಳಲ್ಲಿ ಮಾರಿದವನು. ಲೈಸೆನ್ಸಿನ ಕಾನೂನೇ ಗೊತ್ತಿರಬೇಕಿಲ್ಲ, ಮಾಡುತ್ತಿರುವುದು ಕಾನೂನುಬಾಹಿರ ಎಂದು ಗೊತ್ತಿದ್ದರೆ ಸಾಕು ಎಂದಿತು ಸುಪ್ರೀಂ ಕೋರ್ಟು. ನಂಬರ್ ಉಜ್ಜುವವನಿಗೆ ಅದು ಗೊತ್ತೇ ಇರುತ್ತದೆ. ತನ್ನ ಹೆಸರು ಫೋನ್ ನಂಬರ್ ಹಾಕಿ ಜಾಹೀರಾತು ಕೊಟ್ಟ ನಿಮ್ಮಣ್ಣನ ಪಾಡು ಬೇರೆ. ಅದು ಒಳ್ಳೆಯದೇ.

ಹೇಗೆ ಹಿಡಿದರು ಅಂತ ಆಶ್ಚರ್ಯ ಬೇಡ. ಕೋವಿಂಗ್ಟನ್‌ನಲ್ಲಿ ಸಿಕ್ಕ ಪಿಸ್ತೂಲಿನ ಸೀರಿಯಲ್ ನಂಬರ್ ಹಿಡಿದು ಹೋದರೆ ಕೊಳ್ಳುವಾಗ ಅಂಗಡಿಯಲ್ಲಿ ತುಂಬಿಕೊಟ್ಟ 4473 ಎಂಬ ಫಾರ್ಮಿನಲ್ಲಿ ಅಣ್ಣನ ಸಹಿ. ಐದು ಕೆಲಸದ ದಿನಗಳೊಳಗೆ ಒಬ್ಬನೇ ಎರಡು ಪಿಸ್ತೂಲು ಕೊಂಡರೂ ಅಂಗಡಿಯವನು ಎಟಿಎಫ್‌ಗೆ ತಿಳಿಸಲೇಬೇಕು.

ಎರಡು ಪ್ರಶ್ನೆ. ಉತ್ತರ ಇಲ್ಲಿ ಬರೆಯಬೇಡಿ, ವಕೀಲರಿಗೆ ಹೇಳಿ. ಕೊಂಡವರಲ್ಲಿ ಯಾರಾದರೂ ಕೆಂಟಕಿಯವರು ಎಂದು ಅಣ್ಣನಿಗೆ ಗೊತ್ತಿತ್ತಾ? ಬೇರೆ ರಾಜ್ಯದವರಿಗೆ ನೇರವಾಗಿ ಮಾರುವುದು ಒಂದೇ ಕೋವಿಯಾದರೂ ಅಪರಾಧ. ಯಾರಾದರೂ ಮೊದಲೇ ದುಡ್ಡು ಕೊಟ್ಟು ತರಿಸಿಕೊಂಡರಾ? 2014ರ ಅಬ್ರಾಮ್ಸ್ಕಿ ಕೇಸಿನಲ್ಲಿ ಮಾಜಿ ಪೊಲೀಸ್ ಒಬ್ಬ ತನ್ನ ಅಂಕಲ್‌ಗೆಂದು 400 ಡಾಲರ್ ಚೆಕ್ ಪಡೆದು ಗ್ಲಾಕ್ ತಂದುಕೊಟ್ಟ. ಆ ಅಂಕಲ್‌ಗೂ ಕೋವಿ ಇಟ್ಟುಕೊಳ್ಳುವ ಹಕ್ಕಿತ್ತು. ಆದರೂ ನಿಜವಾಗಿ ಕೊಳ್ಳುವವನು ತಾನೇ ಎಂದು ಫಾರ್ಮಿನಲ್ಲಿ ಹೇಳಿದ್ದಕ್ಕೆ ಶಿಕ್ಷೆ ಉಳಿಯಿತು.

ಹಳೆಕೋವಿ:

ನಾನೂ ಸಂಗ್ರಹಕಾರ. 50 ವರ್ಷ ದಾಟಿದ ಕೋವಿಗಳಿಗೆ ಸಂಗ್ರಹಕಾರರ ಲೈಸೆನ್ಸ್ ಇದೆ, ಮೂರು ವರ್ಷಕ್ಕೆ 30 ಡಾಲರ್. ಅದರಲ್ಲೂ ವ್ಯಾಪಾರ ಮಾಡುವಂತಿಲ್ಲ. ವ್ಯಾಪಾರದ ಲೈಸೆನ್ಸೇ ಮೊದಲ ಮೂರು ವರ್ಷಕ್ಕೆ 200 ಡಾಲರ್. ಒಂದು ಪಿಸ್ತೂಲಿನ ಲಾಭದಲ್ಲಿ ಬರುತ್ತಿತ್ತಲ್ವಾ! 1898ರವರೆಗೆ ತಯಾರಾದವು ಈ ಕಾಯ್ದೆಗೆ ಕೋವಿಯೇ ಅಲ್ಲ. ಅಣ್ಣನ ಇಪ್ಪತ್ತರಲ್ಲಿ ಅಂಥವು ಇದ್ದರೆ ಮೊದಲು ಅವನ್ನು ಲೆಕ್ಕದಿಂದ ತೆಗೆಸಿ.

ಹಾಸನದಕ್ಕ:

ಇದು ಒಳ್ಳೇ ಮಾತು. ಅಪರಾಧ ಹೌದೋ ಅಲ್ಲವೋ ಎಂಬುದಕ್ಕೆ ಸಂಖ್ಯೆ ಇಲ್ಲ, ಶಿಕ್ಷೆಗೆ ಇದೆ. ಫೆಡರಲ್ ಕೋರ್ಟು ಶಿಕ್ಷೆ ಲೆಕ್ಕ ಹಾಕುವ ಮಾರ್ಗಸೂಚಿಯಲ್ಲಿ ಅಂಕ ಏರಿದಷ್ಟೂ ಶಿಕ್ಷೆ ಹೆಚ್ಚು: 3ರಿಂದ 7 ಕೋವಿಗೆ 2 ಅಂಕ ಏರುತ್ತದೆ, 8ರಿಂದ 24ಕ್ಕೆ 4, 25 ಮುಟ್ಟಿದರೆ 6. ಒಂದೊಂದೂ ಮುಖ್ಯ.

ಕಾಫಿತೋಟ:

ಅಕ್ಕ, ತುಂಬಾ ಥ್ಯಾಂಕ್ಸ್. ಫೋನ್ ಮಾಡದಂತೆ ತಡೆದಿದ್ದೇನೆ. ಅತ್ತಿಗೆ ಈಗ ಹೇಳಿದರು, ಹೋದ ವರ್ಷ ಗನ್ ಶೋನಲ್ಲಿ ಎಟಿಎಫ್‌ನವರು ಅವನಿಗೆ ಒಂದು ಎಚ್ಚರಿಕೆ ಪತ್ರ ಕೊಟ್ಟು ಸಹಿ ಹಾಕಿಸಿಕೊಂಡಿದ್ದರಂತೆ. ಆಮೇಲೂ ಮಾರಿದ್ದಾನೆ. ಒಬ್ಬ ಲಾಯರ್ ಹತ್ತಿರ ಫೋನಿನಲ್ಲಿ ಮಾತಾಡಿದೆವು. "ಮೊದಲ ಸಲ ಅಲ್ವಾ, ತಪ್ಪೊಪ್ಪಿಕೊಂಡರೆ ಪ್ರೊಬೇಷನ್ ಸಿಗಬಹುದು, ಜೈಲಿಲ್ಲ" ಅಂದರು. ಅಣ್ಣನಿಗೆ ಸಮಾಧಾನವಾಗಿದೆ. ಪುತ್ತರಿಗೆ ಊರಿಗೆ ಹೋಗಿ ಬಂದು ಸಹಿ ಹಾಕುತ್ತೇನೆ ಅಂತಿದ್ದಾನೆ. ಟಿಕೆಟ್ ಆಗಿದೆ.

ಹಾಸನದಕ್ಕ:

ಅಯ್ಯೋ. ಮೊದಲನೆಯದಾಗಿ, ಇಂಥ ವಿಷಯ ಇಲ್ಲಿ ಇನ್ನು ಬರೆಯಬೇಡಿ. ಈ ಪುಟವನ್ನು ಏಜೆಂಟರೂ ಓದಬಹುದು.

ಆ ಸಹಿಯಿಂದ "ಗೊತ್ತಿರಲಿಲ್ಲ" ಎಂಬ ವಾದ ಹೆಚ್ಚುಕಮ್ಮಿ ಹೋಯಿತು. ಪತ್ರಕ್ಕೆ ಮೊದಲು ಮಾರಿದ್ದು ಯಾವುದು, ನಂತರ ಯಾವುದು ಎಂದು ಪಟ್ಟಿಯನ್ನು ಎರಡಾಗಿ ಒಡೆಯಿರಿ. ನಂತರದ್ದು ನಾಲ್ಕೇ ಇದ್ದು, ಅವೂ ವರ್ಷಗಟ್ಟಲೆ ಇಟ್ಟುಕೊಂಡಿದ್ದವಾದರೆ ಮಾತಾಡಲು ಜಾಗ ಇದೆ.

ಆ ಲಾಯರ್ ಅಣ್ಣನ ಗ್ರೀನ್ ಕಾರ್ಡ್ ಬಗ್ಗೆ ಕೇಳಿದರಾ? ಕೇಳಿರಲಿಕ್ಕಿಲ್ಲ. ಸಿಟಿಜನ್‌ಗೆ ಪ್ರೊಬೇಷನ್ ಅಂದ್ರೆ ಬಚಾವಾದ ಹಾಗೆ. ಇವರಿಗೆ ಹಾಗಲ್ಲ. ಇಮಿಗ್ರೇಷನ್ ಕಾನೂನಿನಲ್ಲಿ ಕೋವಿ ಮಾರಾಟದ ಅಪರಾಧ ಸಾಬೀತಾದರೆ ಅದೇ ಗಡೀಪಾರಿಗೆ ಕಾರಣ. ಎಷ್ಟು ವರ್ಷ ಇಲ್ಲಿದ್ದರೂ ಸರಿ, ಒಂದು ದಿನವೂ ಜೈಲಿಗೆ ಹೋಗದಿದ್ದರೂ ಸರಿ. ಅದರ ಮೇಲೆ "ಶಸ್ತ್ರ ಕಳ್ಳಸಾಗಣೆ" ಗುಂಪಿಗೆ ಸೇರಿಸಿದರೆ, ಹಳೇ ಗ್ರೀನ್ ಕಾರ್ಡ್‌ನವರು ಜಡ್ಜ್ ಮುಂದೆ ಉಳಿಸಿಕೊಡಿ ಎಂದು ಕೇಳುವ ದಾರಿಯೂ ಮುಚ್ಚುತ್ತದೆ.

ಪಕ್ಕದ ಕೆಂಟಕಿಯಲ್ಲೇ ಇದು ಆಗಿತ್ತು. ಪಡಿಲ್ಲ ಎಂಬ ಲಾರಿ ಡ್ರೈವರ್, ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕದ ಪರ ಇದ್ದವರು, ನಲವತ್ತು ವರ್ಷದ ಗ್ರೀನ್ ಕಾರ್ಡ್. ಗಾಂಜಾ ಕೇಸಿನಲ್ಲಿ "ಇಷ್ಟು ವರ್ಷ ಇದ್ದೀಯ, ಗಡೀಪಾರಿನ ಚಿಂತೆ ಬೇಡ" ಅಂದರು ಅವರ ಲಾಯರ್. ಒಪ್ಪಿಕೊಂಡರು, ಗಡೀಪಾರು ತಲೆ ಮೇಲೆ ಬಂತು. 2010ರಲ್ಲಿ ಸುಪ್ರೀಂ ಕೋರ್ಟು, ಇದನ್ನು ಸರಿಯಾಗಿ ಹೇಳುವುದು ಡಿಫೆನ್ಸ್ ವಕೀಲರ ಕರ್ತವ್ಯ ಎಂದಿತು. ಅದಕ್ಕೇ ನಿಮಗೆ ಇಬ್ಬರು ಬೇಕು, ಫೆಡರಲ್ ಕೋರ್ಟಿನಲ್ಲಿ ದಿನಾ ನಿಲ್ಲುವ ಕ್ರಿಮಿನಲ್ ವಕೀಲರು ಒಬ್ಬರು, ಇಮಿಗ್ರೇಷನ್ ವಕೀಲರು ಒಬ್ಬರು. ಆರೋಪಪಟ್ಟಿ ಬರುವ ಮುಂಚೆಯೇ ಇಬ್ಬರೂ ಮಾತಾಡಿಕೊಳ್ಳಬೇಕು. ಯಾವ ಸೆಕ್ಷನ್‌ಗೆ ಒಪ್ಪಿಕೊಂಡರೆ ಇಲ್ಲೇ ಉಳಿಯಬಹುದು ಎಂದು ಪ್ರಾಸಿಕ್ಯೂಟರ್ ಜೊತೆ ಚೌಕಾಸಿ ಮಾಡಲು ಈಗಲೇ ಸಮಯ. ನನ್ನ ಕೇಳಿದರೆ ಆರು ತಿಂಗಳು ಜಾಸ್ತಿ ಜೈಲಾದರೂ ಗ್ರೀನ್ ಕಾರ್ಡ್ ಉಳಿಯುವ ಒಪ್ಪಂದವೇ ಮೇಲು. ಆದರೆ ಅದು ಅಣ್ಣ ಅತ್ತಿಗೆ ಕೂತು ತೀರ್ಮಾನಿಸುವ ವಿಷಯ.

ಪುತ್ತರಿ ಟಿಕೆಟ್ ಬಗ್ಗೆ ವಕೀಲರನ್ನು ಕೇಳದೆ ಒಂದು ಹೆಜ್ಜೆಯೂ ಬೇಡ. ಟಾರ್ಗೆಟ್ ಲೆಟರ್ ಕೈಲಿಟ್ಟುಕೊಂಡು ವಿಮಾನ ಹತ್ತಿದರೆ ಓಡಿಹೋದ ಅಂತಾರೆ, ಆಮೇಲೆ ಜಾಮೀನು ಕಷ್ಟ. ಅತ್ತಿಗೆ ಮಕ್ಕಳು ಹೋಗಿ ಬರಲಿ. ಸೋಮವಾರ ಬೆಳಿಗ್ಗೆ ಕ್ರಿಮಿನಲ್ ವಕೀಲರ ಹತ್ತಿರ ಹೋಗುವಾಗ ಆ ಲೆಟರ್, ಎಚ್ಚರಿಕೆ ಪತ್ರದ ಪ್ರತಿ, ರಸೀದಿಗಳು, ಗ್ರೀನ್ ಕಾರ್ಡ್ ಎರಡೂ ಬದಿಯ ಜೆರಾಕ್ಸ್ ಒಯ್ಯಿರಿ. ಫೀಸು ಕಟ್ಟುವ ಶಕ್ತಿ ಇಲ್ಲದಿದ್ದರೆ ಫೆಡರಲ್ ಪಬ್ಲಿಕ್ ಡಿಫೆಂಡರ್ ಕಚೇರಿಗೆ ಫೋನ್ ಮಾಡಿ. ಅಲ್ಲಿನವರು ಸುಮ್ನೆ ಪುಕ್ಕಟೆ ವಕೀಲರಲ್ಲ, ಎಷ್ಟೋ ದೊಡ್ಡ ಆಫೀಸಿನವರಿಗಿಂತ ಈ ಕೇಸು ಅವರಿಗೆ ಚೆನ್ನಾಗಿ ಗೊತ್ತು.